ಗೊತ್ತಿರುವ ತೂಕಗಳು

ಮಾರುಕಟ್ಟೆಯ ವರ್ತಕರು ಅವರನ್ನು ಬೆನ್ನ ಹಿಂದೆ ‘ಮಿಲಿಗ್ರಾಂ’ ಎನ್ನುತ್ತಿದ್ದರು, ಎದುರಿಗೆ ‘ಸಾಹೇಬರೇ’ ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಎರಡೂ ಅಂಟಿಕೊಂಡು ‘ಮಿಲಿಗ್ರಾಂ ಸಾಹೇಬರು’ ಎಂಬುದೇ ಹೆಸರಾಗಿ ನಿಂತಿತು. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷಗಳಿಂದ ಅವರದು ಒಂದೇ ಕೆಲಸ. ಅಂಗಡಿಗಳಿಂದ ಬರುವ ತಕ್ಕಡಿಗಳನ್ನು ಪರೀಕ್ಷಿಸಬೇಕು. ಸರಿಯಿದ್ದರೆ ಸೀಸದ ಮುದ್ರೆ ಒತ್ತಬೇಕು, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ಹಿಂದಕ್ಕೆ ಕಳಿಸಬೇಕು. ಕೆಂಪು ಚೀಟಿ ಬಿದ್ದ ವರ್ತಕ ಗೋಗರೆದರೂ ಗದರಿದರೂ ಅವರ ಉತ್ತರ ಬದಲಾಗುತ್ತಿರಲಿಲ್ಲ.

“ನನ್ ಮೇಲೆ ಯಾಕ್ರೀ ಕೋಪ? ನಾನೇನ್ ಹೇಳ್ದೆ? ನಿಮ್ ತಕ್ಕಡೀನೇ ಹೇಳ್ತಿದೆ.”

ಪರೀಕ್ಷಾ ಕೋಣೆಯ ಗಾಜಿನ ಕಪಾಟಿನಲ್ಲಿ ಮಖಮಲ್ಲಿನ ಪೆಟ್ಟಿಗೆಗಳಿದ್ದವು. ಅವುಗಳ ಗುಳಿಗಳಲ್ಲಿ ಪ್ರಮಾಣದ ತೂಕಗಳು ತಮ್ಮ ತಮ್ಮ ಗಾತ್ರಕ್ಕೆ ತಕ್ಕ ಹಾಸಿಗೆಯಲ್ಲಿ ಮಲಗಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ, ಬೆರಳಿನ ಜಿಡ್ಡಿಗೂ ತೂಕವುಂಟು. ಚಿಮಟದಿಂದ ಎತ್ತಿ, ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇಟ್ಟು, ಮುಳ್ಳು ನೆಲೆಗೊಳ್ಳುವ ತನಕ ಉಸಿರು ಬಿಗಿಹಿಡಿದು ಕಾಯಬೇಕು. ಅವರನ್ನು ಆ ಕೆಲಸಕ್ಕೆ ಪಳಗಿಸಿದ ಹಿರಿಯ ಅಧಿಕಾರಿ ಮೊದಲ ದಿನ ಹೇಳಿದ ಮಾತನ್ನು ಸಾಹೇಬರು ಒಮ್ಮೆಯೂ ಮೀರಿದವರಲ್ಲ: “ನೋಡಪ್ಪ, ಪರೀಕ್ಷೆಗೆ ಇಡೋದು ಯಾವಾಗ್ಲೂ ಗೊತ್ತಿರೋ ತೂಕಾನೇ ಆಗಿರ್ಬೇಕು. ಗೊತ್ತಿಲ್ಲದ್ದನ್ನ ಇಟ್ರೆ ತಪ್ಪು ತಕ್ಕಡೀದೋ ವಸ್ತೂದೋ ಅಂತ ಹೇಳೋರ್ಯಾರು?”

ಈ ಶಿಸ್ತು ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಕೊಡೆ ಕೊಂಡರೆ ನಲ್ಲಿಯ ಕೆಳಗೆ ಕಾಲು ಗಂಟೆ ಹಿಡಿಯುತ್ತಿದ್ದರು. ಚಪ್ಪಲಿ ಕೊಂಡರೆ ಮನೆಯ ಮೂರು ಮಹಡಿಯ ಮೆಟ್ಟಿಲನ್ನು ಹತ್ತು ಸಲ ಹತ್ತಿಳಿದ ಮೇಲೆಯೇ ಹಳೆಯದನ್ನು ಎಸೆಯುತ್ತಿದ್ದರು. ಪ್ರತಿಯೊಂದಕ್ಕೂ ಒಂದು ನೋಟ್‌ಬುಕ್ಕಿನಲ್ಲಿ ಪುಟವಿತ್ತು. ಅವರು ಮದುವೆಯಾಗಲಿಲ್ಲ. ಯಾರಾದರೂ ಕಾರಣ ಕೇಳಿದರೆ ಅವರ ತಂಗಿಯೇ ಮುಂದಾಗಿ ಉತ್ತರಿಸುತ್ತಿದ್ದಳು: “ನಮ್ಮಣ್ಣ ಹೆಣ್ಣು ನೋಡೋಕೆ ಹೋಗಿದ್ದೇನೋ ನಿಜ. ನಾಲ್ಕು ಮೂಲೇಲೂ ಕೂರ್ಸಿ ನೋಡ್ಬೇಕು ಅಂದನಂತೆ. ಆ ಹುಡುಗಿ ಎದ್ದು ಒಳಗೆ ಹೋದ್ಳು.”

ತಂಗಿಗೂ ಅವರಿಗೂ ಎಂಟು ವರ್ಷದ ಅಂತರ. ಗಂಡನ ಮನೆ ಒಗ್ಗದೆ ಹಿಂದಿರುಗಿದವಳು ಮುಂದಿನ ಕೋಣೆಯ ಕಿಟಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು, ಸಿದ್ಧ ಉಡುಪುಗಳ ಅಳತೆ ತಿದ್ದಿ ಕೊಡುತ್ತಿದ್ದಳು. ಅವಳ ಎರಡೂ ಮೂತ್ರಪಿಂಡಗಳು ಕೈಕೊಟ್ಟು ಆರು ವರ್ಷಗಳಾಗಿದ್ದವು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಅವಳ ರಕ್ತ ಹೊರಬಂದು ಯಂತ್ರವೊಂದರಲ್ಲಿ ಸುತ್ತಿ ಮತ್ತೆ ಅವಳೊಳಗೆ ಹೋಗುತ್ತಿತ್ತು. ಅಣ್ಣ ತಮ್ಮದೊಂದನ್ನು ಕೊಡಲು ಹೋಗಿದ್ದರು. ರಕ್ತ ಹೊಂದಲಿಲ್ಲ. ಜೀವಮಾನವೆಲ್ಲ ಬೇರೆಯವರ ವಸ್ತುಗಳಿಗೆ ಕೆಂಪು ಚೀಟಿ ಅಂಟಿಸಿದವರಿಗೆ ಒಂದು ದಿನ ತಮಗೇ ಅದು ಅಂಟಿತು.

ಉಳಿದದ್ದು ಆಸ್ಪತ್ರೆಯ ಪಟ್ಟಿ. ಯಾರೋ ಸತ್ತು, ಅವರ ಮನೆಯವರು ಒಪ್ಪಿ, ಆ ಅಂಗ ಇವಳಿಗೆ ಹೊಂದಿದರೆ ಫೋನ್ ಬರುತ್ತದೆ. ಹಿಂದೆ ಅವಳಿಗೆ ಹಲವು ಸಲ ಬೇರೆಯವರ ರಕ್ತ ಏರಿಸಿದ್ದರ ಫಲವಾಗಿ ಅವಳ ದೇಹ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರ ಅಂಗಗಳನ್ನು ತಿರಸ್ಕರಿಸುತ್ತದೆಂದು ವೈದ್ಯರು ಲೆಕ್ಕ ಹೇಳಿದ್ದರು. ಅದನ್ನೆಲ್ಲ ನೋಡಿಕೊಳ್ಳುವ ಸಂಯೋಜಕಿ, ಕನ್ನಡಕದ ದಾರವನ್ನು ಸದಾ ಬೆರಳಿಗೆ ಸುತ್ತುತ್ತಿದ್ದ ಹೆಂಗಸು, ಮಾತಿಗೆ ಸಕ್ಕರೆ ಸವರುತ್ತಿರಲಿಲ್ಲ.

“ಎರಡು ನಂಬರ್ ಕೊಡಿ. ಎರಡಕ್ಕೂ ಮೂರು ಮೂರು ಸಲ ಮಾಡ್ತೀವಿ. ಅರ್ಧ ಗಂಟೇಲಿ ಸಿಗ್ಲಿಲ್ಲ ಅಂದ್ರೆ ಮುಂದಿನೋರಿಗೆ ಹೋಗುತ್ತೆ. ನನ್ ಫೋನಿಂದಾನೇ ಬರುತ್ತೆ ಅನ್ಕೋಬೇಡಿ. ಡ್ಯೂಟೀಲಿ ಯಾರಿರ್ತಾರೋ, ಯಾವ ಟೇಬಲ್ ಮೇಲಿನ ಫೋನೋ, ಹೇಳೋಕಾಗಲ್ಲ.”

ತಂಗಿಯ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದು ಒಮ್ಮೆ ಮೊಳಗಿಯೂ ಇತ್ತು: ಮೂರು ವರ್ಷದ ಹಿಂದೆ, ಸರದಿಯಲ್ಲಿ ಎರಡನೆಯವಳಾಗಿ ಕರೆಸಿಕೊಂಡು, ಮೊದಲನೆಯವರಿಗೇ ಹೊಂದಿದ್ದರಿಂದ ಇವಳನ್ನು ಹಿಂದಕ್ಕೆ ಕಳಿಸಿದ್ದರು. ಈಗ ಆ ಹಳೆಯ ಫೋನುಗಳ ಜಾಲವನ್ನೇ ಮುಚ್ಚುತ್ತೇವೆಂದು ಕಂಪನಿಯಿಂದ ಸಂದೇಶ ಬಂತು. ಹೊಸದು ತರಲೇಬೇಕಾಯಿತು. ಅವರ ಕೈಗೆಟುಕುವುದು ಅಂಗಡಿಯ ಕೆಳಗಿನ ಸಾಲು ಮಾತ್ರ.

ಅಂಗಡಿಯವನು ಮಾತಿನ ಮಲ್ಲ. “ಸರ್, ಈ ರೇಂಜಲ್ಲಿ ಇದು ರಾಜ. ಕ್ಯಾಮೆರಾ ನೋಡಿ, ಗೇಮ್ ಬೇಕಾದ್ರೂ ಓಡುತ್ತೆ.”

“ರಿಂಗ್ ಆಗುತ್ತಾ?” ಎಂದರು ಸಾಹೇಬರು.

ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿದ. “ಫೋನ್ ಅಂದ್ಮೇಲೆ ರಿಂಗ್ ಆಗ್ದೆ ಇರುತ್ತಾ ಸರ್?”

“ಅದನ್ನ ನಾನು ನೋಡ್ಕೊಂಡು ಹೇಳ್ತೀನಿ. ಹತ್ತು ದಿನದೊಳಗೆ ವಾಪಸ್ ತಗೋತೀರಾ?”

“ತಗೋತೀನಿ ಮಾರಾಯ್ರೇ. ಆದ್ರೆ ನಲ್ಲಿ ಕೆಳಗೆ ಹಿಡೀಬೇಡಿ,” ಎಂದ ಅವನು. ಕೊಡೆ ಮಾರುವ ಪಕ್ಕದ ಅಂಗಡಿಯವನಿಂದ ಸಾಹೇಬರ ಕೀರ್ತಿ ಅಲ್ಲಿಗೂ ಮುಟ್ಟಿತ್ತು.

ಹತ್ತು ದಿನ ಮನೆ ಪ್ರಯೋಗಶಾಲೆಯಾಯಿತು. ಮೊದಲ ಸಲ ಚಾಲೂ ಮಾಡಿದಾಗ ಬಂದ ಒಂದೊಂದು ಪರದೆಯನ್ನೂ ಅವರು ಕನ್ನಡಕ ಏರಿಸಿ ಓದಿದರು. ಜಾಹೀರಾತು ಬೇಕೇ ಎಂದು ಕೇಳಿದ್ದಕ್ಕೆ ಬೇಡ ಎಂದರು. ನೀವಿರುವ ಜಾಗ ತಿಳಿಸಲೇ ಎಂದದ್ದಕ್ಕೂ ಬೇಡ ಎಂದರು. ‘ಅನಗತ್ಯ ಕರೆಗಳಿಂದ ರಕ್ಷಣೆ ಬೇಕೇ?’ ಎಂದು ಕೇಳಿದಾಗ ಬೇಕು ಎಂದರು. ಸಾಲ ಕೊಡುತ್ತೇವೆ, ನಿವೇಶನ ಕೊಡುತ್ತೇವೆ ಎಂದು ಹಗಲಿಡೀ ಪೀಡಿಸುವವರ ಕಾಟದಿಂದ ತಂಗಿ ಸೋತಿದ್ದಳು. ಪ್ರತಿ ಸಲ ಫೋನು ಮೊಳಗಿದಾಗಲೂ ಅವಳ ಎದೆ ಧಸಕ್ಕೆನ್ನುತ್ತಿದ್ದುದನ್ನು ಅವರು ಕಂಡಿದ್ದರು. ವ್ಯಾಖ್ಯೆಯಿಲ್ಲದ ಶಬ್ದವನ್ನು ಕಚೇರಿಯ ಕಾಗದದಲ್ಲಿ ಎಂದೂ ಒಪ್ಪದ ಮನುಷ್ಯ, ‘ಅನಗತ್ಯ’ ಎಂದರೆ ಯಾವುದು, ಅದನ್ನು ನಿರ್ಧರಿಸುವವರು ಯಾರು ಎಂದು ಅಂದು ಕೇಳಲಿಲ್ಲ.

ಆಮೇಲೆ ಪರೀಕ್ಷೆ. ಕರೆ ಮಾಡಲು ಅವರು ಮೂರು ಫೋನುಗಳನ್ನು ಗೊತ್ತುಮಾಡಿಕೊಂಡರು: ಕಚೇರಿಯದು, ಕೆಳಮಹಡಿಯ ಔಷಧಿ ಅಂಗಡಿಯದು, ತಮ್ಮದು. ಕರೆಗಳ ಪಟ್ಟಿಯನ್ನು ನೋಟ್‌ಬುಕ್ಕಿನೊಡನೆ ತಾಳೆ ನೋಡುವಾಗ ಗೊಂದಲವಾಗಬಾರದೆಂದು ಮೂರನ್ನೂ ಹೊಸ ಫೋನಿನಲ್ಲಿ ‘ಪ್ರಮಾಣ ಒಂದು’, ‘ಪ್ರಮಾಣ ಎರಡು’, ‘ಪ್ರಮಾಣ ಮೂರು’ ಎಂಬ ಹೆಸರಿನಲ್ಲಿ ಉಳಿಸಿದರು. ಗೊತ್ತಿರುವ ತೂಕಗಳು. ಹತ್ತು ದಿನದಲ್ಲಿ ಇನ್ನೂರ ಹನ್ನೆರಡು ಸಲ ಕರೆ ಮಾಡಿಸಿದರು. ಮೆಟ್ಟಿಲ ತಿರುವಿನಲ್ಲಿ, ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಡಯಾಲಿಸಿಸ್ ಕೋಣೆಯ ನಾಲ್ಕು ಮೂಲೆಗಳಲ್ಲಿ. ಹೊಲಿಗೆ ಯಂತ್ರ ಪೂರ್ತಿ ವೇಗದಲ್ಲಿ ಓಡುವಾಗ, ಬಟ್ಟೆಯ ರಾಶಿಯಡಿ ಹೂತುಹೋಗಿದ್ದಾಗ, ಬ್ಯಾಟರಿ ಕೊನೆಯುಸಿರೆಳೆಯುತ್ತಿದ್ದಾಗ. ಇನ್ನೂರ ಹನ್ನೆರಡು ಸಲವೂ ಅದು ಮೊಳಗಿತು.

“ಅಣ್ಣಾ, ಸಾಕೋ ಮಾರಾಯ. ಫೋನ್ ಹೊಡ್ಕೊಂಡ್ರೆ ಈಗ ನನಗೆ ಎತ್ಬೇಕು ಅಂತಾನೇ ಅನ್ಸಲ್ಲ,” ಎಂದಳು ತಂಗಿ.

“ಎತ್ಲೇಬೇಕು. ಅದೂ ಪರೀಕ್ಷೇನೇ.”

“ನನಗಾ, ಫೋನಿಗಾ?”

ದೋಷಗಳನ್ನೂ ಅವರು ಮುಚ್ಚಿಡಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದರು: ಬಿಸಿಲಿನಲ್ಲಿ ಪರದೆ ಕಾಣದು. ಸೂಜಿ ಚುಚ್ಚಿ ಒರಟಾದ ಬೆರಳನ್ನು ಕೆಲವೊಮ್ಮೆ ಗುರುತಿಸದು. ಕ್ಯಾಮೆರಾ ನೀಲಿ ಬಟ್ಟೆಯನ್ನು ಬೂದು ಮಾಡುತ್ತದೆ. ಯಾವುದನ್ನು ತೆರೆದರೂ ಮೂರು ನಾಲ್ಕು ಸೆಕೆಂಡು ಯೋಚಿಸುತ್ತದೆ. ಗುಣಗಳ ಸಾಲಿನಲ್ಲಿ: ಒಮ್ಮೆ ಚಾರ್ಜ್ ಮಾಡಿದರೆ ಎರಡು ಹಗಲು ನಿಲ್ಲುತ್ತದೆ. ಧ್ವನಿ ಜೋರು. ಹತ್ತು ದಿನದಲ್ಲಿ ಒಂದೇ ಒಂದು ಪೀಡೆಯ ಕರೆಯಿಲ್ಲ. ಕೊನೆಯಲ್ಲಿ ಕೆಳಗೆರೆ ಎಳೆದು ‘ದಿನಬಳಕೆಗೆ ಯೋಗ್ಯ’ ಎಂದು ಬರೆದು ಸಹಿ ಹಾಕಿದರು. ಸಹಿ ಒಣಗುವ ಮೊದಲೇ ತಂಗಿ ಕೇಳಿದಳು, “ಸೀಸದ ಮುದ್ರೆ ಎಲ್ಲಿ?” ಅವರು ನಗಲಿಲ್ಲ. ಒಂದು ದುಂಡು ಕಾಗದದ ಮೇಲೆ ಪರೀಕ್ಷೆಯ ದಿನಾಂಕ ಬರೆದು ಫೋನಿನ ಬೆನ್ನಿಗೆ ಅಂಟಿಸಿದರು. ಆಗ ಅವಳೇ ನಕ್ಕಳು. ಬಹಳ ದಿನದ ಮೇಲೆ ಹಾಗೆ ನಕ್ಕಿದ್ದಳು.

ಇಷ್ಟಕ್ಕೆ ನಿಂತಿದ್ದರೂ ಒಂದು ದಾರಿ ಉಳಿಯುತ್ತಿತ್ತು. ಆದರೆ ಪರೀಕ್ಷೆಯಲ್ಲಿ ಗೆದ್ದ ವಸ್ತುವಿನ ಮೇಲೆ ಅವರಿಗೆ ಹುಟ್ಟಿದ ವಿಶ್ವಾಸ ಎಷ್ಟೆಂದರೆ, ತಮ್ಮ ಹಳೆಯ ಫೋನನ್ನೂ ತೆಗೆದಿಟ್ಟು, ಅದೇ ಅಂಗಡಿಯಿಂದ ಅದೇ ಮಾದರಿಯ ಇನ್ನೊಂದನ್ನು ತಂದರು. ಅದಕ್ಕೂ ಪರದೆಪರದೆಯಾಗಿ ಅವೇ ಉತ್ತರಗಳನ್ನು ಕೊಟ್ಟರು. ಒಂದು ತಪ್ಪಿದರೆ ಇನ್ನೊಂದಿರಲಿ ಎಂದೇ ಆಸ್ಪತ್ರೆ ಎರಡು ನಂಬರು ಕೇಳಿತ್ತು. ಒಂದೇ ಪಾಠ ಕಲಿತ ಇಬ್ಬರು ಸಾಕ್ಷಿಗಳನ್ನು ಅವರು ಒದಗಿಸಿದರು.

ಐದು ವಾರ ಮನೆ ನೆಮ್ಮದಿಯಾಗಿತ್ತು. ತಂಗಿ ಒಂದು ದಿನ, ಪ್ಯಾಂಟೊಂದರ ಅಂಚು ಬಿಚ್ಚುತ್ತಾ, “ಯಾಕೋ ಹೊಸ ಗಿರಾಕಿಗಳೇ ಬರ್ತಿಲ್ಲ ನೋಡು. ಹಳಬರಷ್ಟೇ,” ಎಂದಳು.

“ಸೀಸನ್ ಅಲ್ಲ ಬಿಡು, ಪುಟ್ಟಿ.”

“ಬಟ್ಟೆ ಬಿಗಿಯಾಗೋಕೆ ಎಂಥಾ ಸೀಸನ್ನು?” ಎಂದಳು ಅವಳು. ಮಾತು ಅಲ್ಲಿಗೆ ಮುಗಿಯಿತು.

ಒಂದು ಶನಿವಾರ ಬೆಳಿಗ್ಗೆ ಎಂದಿನಂತೆ ಡಯಾಲಿಸಿಸ್ ಕೋಣೆ. ಸೂಜಿ ಹಾಕುತ್ತಿದ್ದ ತಂಗಿಯ ಎಡಗೈಯ ನಾಳ ಮುಚ್ಚಿಹೋಗಿದ್ದರಿಂದ ಈಗ ಕುತ್ತಿಗೆಯಲ್ಲಿ ಕೊಳವೆ ಹಾಕಿದ್ದರು. ತಲೆ ಹೊರಳಿಸದೆ ಮಲಗಬೇಕಿತ್ತು. ಸಾಹೇಬರು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಯಂತ್ರದ ಅಂಕಿಗಳನ್ನು ಓದುತ್ತಿದ್ದರು. ಸಂಯೋಜಕಿ ನೇರವಾಗಿ ಇವರ ಮಂಚಕ್ಕೇ ಬಂದಳು. ದಾರ ಬೆರಳಿಗೆ ಬಿಗಿಯಾಗಿ ಸುತ್ತಿತ್ತು.

“ಗುರುವಾರ ಎಲ್ಲಿ ಹೋಗಿದ್ರಿ ಇಬ್ರೂ?”

“ಎಲ್ಲೂ ಇಲ್ವಲ್ಲ,” ಎಂದಳು ತಂಗಿ ಮೇಲ್ಛಾವಣಿ ನೋಡುತ್ತಲೇ. “ನಾನ್ ಮನೇಲಿ, ಅಣ್ಣ ಆಫೀಸಲ್ಲಿ.”

“ನಾನವತ್ತು ರಜೆ. ಡ್ಯೂಟೀಲಿದ್ದೋರು ಮಾಡಿದ್ದಾರೆ, ಎರಡೂ ನಂಬರಿಗೆ ಮೂರು ಮೂರು ಸಲ. ಮಧ್ಯಾಹ್ನ ಮೂರು ಗಂಟೆಗೆ. ಫೋನ್ ಎತ್ಲಿಲ್ಲ ಅಂತ ಫೈಲಲ್ಲಿ ಬರ್ದಿದ್ದಾರೆ. ಹೊಂದಿತ್ತಮ್ಮ. ನಿಮಗೇ ಮೊದ್ಲು ಬಂದಿತ್ತು.”

ಸಾಹೇಬರು ಎದ್ದು ನಿಂತರು. “ಸಾಧ್ಯವಿಲ್ಲ. ಫೋನ್ ಆನ್ ಇತ್ತು. ಸಿಗ್ನಲ್ ಇತ್ತು.”

“ಎಲ್ರೂ ಹಾಗೇ ಹೇಳ್ತಾರೆ ಸರ್.”

“ನಾನು ಎಲ್ರ ಹಾಗೆ ಹೇಳ್ತಿಲ್ಲ, ಅಮ್ಮಾ. ಪರೀಕ್ಷೆ ಮಾಡಿದೀನಿ. ಇನ್ನೂರ ಹನ್ನೆರಡು ಸಲ. ಬೇಕಾದ್ರೆ ಈಗ್ಲೇ ಮಾಡಿ ನೋಡಿ.”

ಅವಳು ಒಂದು ಕ್ಷಣ ಅವರ ಮುಖ ನೋಡಿ, ಗೋಡೆಯ ಬಳಿಯ ಮೇಜಿನತ್ತ ನಡೆದಳು. ಅಲ್ಲಿದ್ದ ಫೋನಿನಿಂದ ಫೈಲು ನೋಡಿ ಅಂಕಿಗಳನ್ನು ಒತ್ತಿದಳು. ಸಾಹೇಬರು ಬಲಗೈಯ ಅಂಗೈ ಮೇಲೆ ತಮ್ಮ ಫೋನನ್ನು ತಟ್ಟೆಯ ಹಾಗೆ ಹಿಡಿದು, ಉಸಿರು ಬಿಗಿಹಿಡಿದು ಕಾದರು. ಫೋನು ಸುಮ್ಮನಿತ್ತು. ಪರದೆಗೆ ಬೆಳಕು ಸಹ ಬರಲಿಲ್ಲ.

“ಯಾವ ನಂಬರಿಗೆ ಮಾಡ್ತಿದೀರಿ?” ಎಂದರು.

ಅವಳು ರಿಸೀವರಿನ ಸುರುಳಿ ತಂತಿಯನ್ನು ಎಳೆದು ಅವರ ಕಿವಿಗೆ ಹಿಡಿದಳು. ಕಿವಿಯೊಳಗೆ ಗಂಟೆ ಹೋಗುತ್ತಿತ್ತು, ನಿಧಾನವಾಗಿ, ಸ್ಪಷ್ಟವಾಗಿ, ಎಲ್ಲೋ ಒಂದು ಫೋನು ಬಡಿದುಕೊಳ್ಳುತ್ತಿದೆ ಎಂದು ಪ್ರಮಾಣ ಮಾಡಿ ಹೇಳುವಂತೆ. ಅಂಗೈಯಲ್ಲಿ ಅದೇ ಫೋನು ಕಲ್ಲಿನ ಹಾಗೆ ಬಿದ್ದಿತ್ತು.

ಅದರ ಹೊಟ್ಟೆಯೊಳಗಿನ ಪಟ್ಟಿಯನ್ನು ಹುಡುಕಿ ತೆಗೆದದ್ದು ಸಂಯೋಜಕಿಯೇ. ‘ಅನಗತ್ಯ ಕರೆಗಳು’ ಎಂಬ ಹೆಸರಿನ ಒಂದು ಮೂಲೆ. ಹೆಸರು ಉಳಿಸಿಲ್ಲದ ಯಾವ ನಂಬರಿನಿಂದ ಕರೆ ಬಂದರೂ ಫೋನು ಸದ್ದಿಲ್ಲದೆ ಅಲ್ಲಿಗೆ ತಳ್ಳುತ್ತಿತ್ತು. ತಪ್ಪಿದ ಕರೆಯೆಂದು ಸೂಚನೆಯನ್ನೂ ಕೊಡುತ್ತಿರಲಿಲ್ಲ. ಗುರುವಾರ, ಮೂರು ಗಂಟೆ ಹದಿನಾಲ್ಕು ನಿಮಿಷ. ಹತ್ತೊಂಬತ್ತು ನಿಮಿಷ. ಮೂವತ್ತೊಂದು ನಿಮಿಷ. ತಂಗಿಯ ಫೋನಿನ ಅದೇ ಮೂಲೆಯಲ್ಲಿ ಅದೇ ನಂಬರು ಮೂರು ಸಲ, ಅದರ ಮೇಲೆ ಕೆಳಗೆ ಇನ್ನೂ ಅರವತ್ತೋ ಎಪ್ಪತ್ತೋ ನಂಬರುಗಳು: ಪೀಡಿಸುವವರು, ಮತ್ತು ಬಟ್ಟೆ ಬಿಗಿಯಾದವರು.

“ಅದು ಯಾರಿಗೆ ಹೋಯ್ತು?” ಎಂದಳು ತಂಗಿ.

“ಬೇರೆಯೋರಿಗೆ. ಹೆಸರು ಹೇಳೋ ಹಾಗಿಲ್ಲಮ್ಮ.”

“ಚೆನ್ನಾಗಿದ್ದಾರಾ?”

“ಚೆನ್ನಾಗಿದ್ದಾರೆ.”

“ಸರಿ,” ಎಂದವಳು, “ಅಣ್ಣಾ, ಕೂತ್ಕೋ. ನೀನ್ ಹಂಗೆ ನಿಂತಿದ್ರೆ ನನಗೆ ಕತ್ತು ತಿರುಗ್ಸಿ ನೋಡೋಕಾಗಲ್ಲ,” ಎಂದಳು.

ಸೋಮವಾರ ಕಚೇರಿಯಲ್ಲಿ ಅವರು ಗುರುವಾರದ ಪುಟ ತೆಗೆದು ನೋಡಿದರು. ಅಂದು ಮಧ್ಯಾಹ್ನ ಅಕ್ಕಸಾಲಿಗನೊಬ್ಬನ ಸೂಕ್ಷ್ಮ ತಕ್ಕಡಿ ಪರೀಕ್ಷೆಯಲ್ಲಿತ್ತು. ಅವರದೇ ದುಂಡು ಅಕ್ಷರ: ‘ಮುಳ್ಳು ನೆಲೆಗೊಳ್ಳಲು ಕಾದ ಸಮಯ, 3.10ರಿಂದ 3.25.’ ಆ ಹದಿನೈದು ನಿಮಿಷವನ್ನು ಅವರು ಹೊಸ ಫೋನಿನ ಗಡಿಯಾರದಲ್ಲೇ ಎಣಿಸಿದ್ದರು. ಅಂದರೆ ಮೊದಲ ಎರಡು ಕರೆಗಳು ಬಂದಾಗ ಅವರ ಕಣ್ಣು ಫೋನಿನ ಮೇಲೆಯೇ ಇತ್ತು. ಓಡುವ ಸೆಕೆಂಡುಗಳನ್ನು ಅದು ಒಂದೂ ಬಿಡದೆ ನಿಷ್ಠೆಯಿಂದ ತೋರಿಸುತ್ತಿತ್ತು.

ಫೋನಿನ ಮೇಲೆ ಅವರಿಗೆ ಕೋಪ ಬರಲಿಲ್ಲ. ಕೇಳಿದ ಪ್ರಶ್ನೆಗಳಿಗೆಲ್ಲ ಅದು ಇನ್ನೂರ ಹನ್ನೆರಡು ಸಲ ಸರಿಯುತ್ತರ ಕೊಟ್ಟಿತ್ತು. ತಂಗಿಯ ಜೀವ ಅಪರಿಚಿತನೊಬ್ಬನ ಕರೆಗೆ ಕಾಯುತ್ತಿದ್ದಾಗ, ಅಪರಿಚಿತ ಕರೆಯೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ತಟ್ಟೆಗಿಟ್ಟು ನೋಡಿದವರು ತಾವು. ಮುದ್ರೆ ಒತ್ತುವ ಇಕ್ಕಳವನ್ನು ಕೈಗೆ ತೆಗೆದುಕೊಂಡವರು ಅಂದು ಬಹಳ ಹೊತ್ತು ಹಾಗೇ ಕೂತಿದ್ದರು. ಹೊರಗೆ ಬೆಂಚಿನ ಮೇಲೆ ವರ್ತಕರು ಗೊಣಗುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ತಾವು ಸರಿಯೆಂದು ಕಳಿಸಿದ ಸಾವಿರಾರು ತಕ್ಕಡಿಗಳ ಮೇಲೆ ಆಮೇಲೆ ಏನೇನು ಕೂತಿತೋ, ಅವು ಏನು ಹೇಳಿದವೋ, ಅವರಿಗೆ ತಿಳಿಯದು.

ನೋಟ್‌ಬುಕ್ಕಿನಲ್ಲಿ ‘ಯೋಗ್ಯ’ವನ್ನು ಹೊಡೆದುಹಾಕಿದರು. ‘ಅಯೋಗ್ಯ’ ಎಂದು ಬರೆಯಲು ಹೋಗಿ, ಯಾರ ಹೆಸರಿನ ಮುಂದೆ ಬರೆಯುವುದೆಂದು ತೋಚದೆ ಪುಟ ಮುಚ್ಚಿದರು.

ರಕ್ಷಣೆಯನ್ನು ತೆಗೆಸಿದ್ದಾಯಿತು. ಈಗ ಫೋನು ಹಗಲಿಡೀ ಬಡಿದುಕೊಳ್ಳುತ್ತದೆ. ಯಂತ್ರದ ಕಾಲುಮಣೆಯಿಂದ ಕಾಲು ತೆಗೆದು, ಬಾಯಲ್ಲಿನ ಗುಂಡುಸೂಜಿ ಉಗಿದು, ತಂಗಿ ಪ್ರತಿಯೊಂದನ್ನೂ ಎತ್ತುತ್ತಾಳೆ.

“ಸಾಲಾನಾ? ಬೇಡಪ್ಪ. ಕಿಡ್ನಿ ಇದ್ರೆ ಹೇಳು,” ಎಂದು ಅವಳು ಹೇಳಿದ್ದನ್ನು ಒಮ್ಮೆ ಸಾಹೇಬರು ಅಡುಗೆಕೋಣೆಯಿಂದ ಕೇಳಿಸಿಕೊಂಡರು. ಆ ತುದಿಯವನು ಫೋನಿಟ್ಟಿರಬೇಕು. ಅವಳ ನಗುವೂ ಅಷ್ಟರಲ್ಲೇ ನಿಂತಿತು. ಹೆಸರು ಪಟ್ಟಿಯಿಂದ ಹೋಗಿರಲಿಲ್ಲ, ಆದರೆ ವೈದ್ಯರು ಮುಂದಿನ ಕರೆಯ ಬಗ್ಗೆ ಮಾತಾಡುವುದನ್ನು ನಿಲ್ಲಿಸಿದ್ದರು. ಕುತ್ತಿಗೆಯ ಕೊಳವೆ ಇನ್ನೆಷ್ಟು ದಿನ ಬಂದೀತು, ಅದು ಕಟ್ಟಿದರೆ ಆಮೇಲೆ ಎಲ್ಲಿ ಎಂಬುದೇ ಈಗ ಅವರ ಮಾತು.

ಸಾಹೇಬರು ಹೊಸ ಪರೀಕ್ಷೆಯೊಂದನ್ನು ಶುರುಮಾಡಿದರು. ಕಚೇರಿ ಬಿಟ್ಟ ಮೇಲೆ ಬಸ್ ನಿಲ್ದಾಣದಲ್ಲಿ ನಿಂತು, ಮುಖಪರಿಚಯವೂ ಇಲ್ಲದವರ ಬಳಿ ಫೋನು ಕೇಳುತ್ತಿದ್ದರು. “ಒಂದು ಕಾಲ್ ಮಾಡ್ಬೇಕಿತ್ತು, ತಂಗಿಗೆ.” ಕೆಲವರು ಕೊಟ್ಟರು. ಹೆಚ್ಚಿನವರು ಚೀಲವನ್ನು ಬಿಗಿಯಾಗಿ ಅವಚಿಕೊಂಡು ಸರಿದು ನಿಂತರು. ಗೊತ್ತಿಲ್ಲದ ಮನುಷ್ಯನನ್ನು ದೂರವಿಡುವ ವಿದ್ಯೆ ಫೋನಿಗೆ ಮಾತ್ರ ಬರುವುದಲ್ಲವೆಂದು ಅವರಿಗೆ ಅಲ್ಲಿ ತಿಳಿಯಿತು.

ಆರನೆಯ ದಿನ, ಬಣ್ಣ ಹಚ್ಚುವ ಕೆಲಸ ಮುಗಿಸಿ ಬಂದಿದ್ದ ಒಬ್ಬಾತ, ಅಂಗಿಯ ತುಂಬ ಸುಣ್ಣದ ಹನಿ, ಏನೂ ಕೇಳದೆ ತನ್ನದನ್ನು ಚಾಚಿದ. ಸಾಹೇಬರು ಅಂಕಿಗಳನ್ನು ಒತ್ತಿದರು. ಎರಡನೆಯ ಗಂಟೆಗೇ ಎತ್ತಿದಳು.

“ಹಲೋ? ಹೇಳಿ, ನಾನೇ ಮಾತಾಡ್ತಿರೋದು. ಹೇಳಿ. ಈಗ್ಲೇ ಹೊರಡ್ತೀವಿ.”

ಕಾಯಿಲೆಯ ಆರು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ಆ ಧ್ವನಿಯನ್ನು ಕೇಳಿರಲಿಲ್ಲ. ಅದು ಅವರಿಗಾಗಿ ಇಟ್ಟ ಧ್ವನಿಯಲ್ಲ. ಹಿಂದಿನ ಐದು ದಿನವೂ ಅವಳು ಹೀಗೇ ಎತ್ತಿರಬೇಕು, ಬಸ್ಸುಗಳ ಗದ್ದಲದಲ್ಲಿ ಅವರಿಗೆ ಕೇಳಿಸಿರಲಿಲ್ಲವಷ್ಟೆ. ಅವರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಬಣ್ಣದವನು ಅವರನ್ನೇ ನೋಡುತ್ತಿದ್ದ.

ಆ ಕಡೆಗೆ ಬಸ್ಸಿನ ಹಾರನ್ ಕೇಳಿಸಿರಬೇಕು. ಆಮೇಲೆ ತಂಗಿಯ ಎಂದಿನ ಧ್ವನಿ ಬಂತು.

“ಅಣ್ಣಾ, ನೀನಾ?”

“ಹೂಂ.”

“ರಿಂಗ್ ಆಗುತ್ತೆ,” ಎಂದಳು. “ಬರ್ಕೋ.”